‘ಗ್ರೌಂಡ್ ಎಫೆಕ್ಟ್’ 2022ರ ಕೂಸಲ್ಲ

ಮಾನ್ಯ ಸಂಪಾದಕರೇ,

ಫಾರ್ಮುಲಾ ಒನ್‌ನ 2026ರ ನಿಯಮಗಳ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಸ್ವಾಗತಾರ್ಹ. ಕ್ರಿಕೆಟ್ ಬಿಟ್ಟು ಬೇರೆ ಕ್ರೀಡೆಗೆ ಅರ್ಧ ಪುಟ ಸಿಗುವುದೇ ಅಪರೂಪ. ಆದರೆ ಗ್ರೌಂಡ್ ಎಫೆಕ್ಟ್ (ತಳದಲ್ಲಿ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಹಿಡಿದಿಡುವುದು) ಎಂಬುದು 2022ರಲ್ಲಿ ಕಂಡುಹಿಡಿದ ತಂತ್ರ, ಆ ವರ್ಷ ಕಾರುಗಳು ಕುಪ್ಪಳಿಸಿದ್ದು ಹಿಂದೆ ಯಾರೂ ಕಂಡಿರದ ತೊಂದರೆ ಎಂದು ಅದರಲ್ಲಿ ಬರೆದಿರುವುದು ತಪ್ಪು. ತಂತ್ರ, ಅದರ ಕಾಯಿಲೆ ಎರಡೂ 1970ರ ದಶಕದವು.

ಕಾರಿನ ಎರಡೂ ಬದಿಯ ಪೆಟ್ಟಿಗೆಯಂಥ ಭಾಗಗಳಾದ ಸೈಡ್‌ಪಾಡ್‌ಗಳ ತಳವನ್ನು ತಲೆಕೆಳಗಾದ ವಿಮಾನದ ರೆಕ್ಕೆಯಂತೆ ಬಾಗಿಸಿದರೆ, ನೆಲಕ್ಕೂ ತಳಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಮೇಲಿನ ಗಾಳಿ ಕಾರನ್ನು ನೆಲಕ್ಕೆ ಅದುಮುತ್ತದೆ. ಲೋಟಸ್ ತಂಡದ ಪೀಟರ್ ರೈಟ್ ಮತ್ತು ಟೋನಿ ರಡ್ ಇದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿ ಸುರಂಗದಲ್ಲಿ ಪರೀಕ್ಷಿಸುತ್ತಿದ್ದಾಗ, ಕಾಲು ಅಳತೆಯ ಮಾದರಿಯ ಸೈಡ್‌ಪಾಡ್‌ಗಳು ಕೆಳಗೆ ರಸ್ತೆಯಂತೆ ಓಡುವ ಬೆಲ್ಟಿನತ್ತ ಜೋತುಬಿದ್ದಷ್ಟೂ ಅದುಮುವ ಬಲ ಏರುವುದು ಕಂಡುಬಂತು. ಪಕ್ಕದ ಸಂದಿಗೆ ರಟ್ಟು ಅಂಟಿಸಿ ಮುಚ್ಚಿದಾಗ ಅದು ಇನ್ನೂ ಏರಿತು. ಸೀಳಿದ ಕೊಳವೆಯಲ್ಲಿ ಎಳನೀರು ಹೀರಲು ಹೋದರೆ ಬರೀ ಗಾಳಿ ಬರುತ್ತದಲ್ಲ, ಇಲ್ಲಿಯೂ ಹಾಗೆಯೇ: ಪಕ್ಕದಿಂದ ಗಾಳಿ ಒಳನುಗ್ಗಿದರೆ ಹೀರುವ ಬಲವೇ ಇರದು. ಗ್ರೌಂಡ್ ಎಫೆಕ್ಟ್‌ನ ಚರಿತ್ರೆಯೆಂದರೆ ಅರ್ಧಕ್ಕರ್ಧ ಈ ಸಂದಿ ಮುಚ್ಚುವ ‘ಸ್ಕರ್ಟ್’ ಪಟ್ಟಿಗಳ ಚರಿತ್ರೆ. ನಿಮ್ಮ ಲೇಖನದಲ್ಲಿ ಆ ಪದವೇ ಇಲ್ಲ.

1977ರ ಲೋಟಸ್ 78ರಲ್ಲಿ ಮೊದಲು ಬ್ರಷ್ ಕೂದಲಿನ ಅಂಚು ಇತ್ತು, ಅದು ಸಾಲಲಿಲ್ಲ. ಬಗ್ಗುವ ಪ್ಲಾಸ್ಟಿಕ್ ಹಾಕಿದರೆ ಒಳಗಿನ ಹೀರುವಿಕೆಗೆ ಅದೇ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಕೊನೆಗೆ ನಿಂತದ್ದು, ಸೈಡ್‌ಪಾಡಿನ ತೋಡಿನಲ್ಲಿ ಮೇಲೆ ಕೆಳಗೆ ಜಾರುವ ಗಟ್ಟಿ ಹಲಗೆ. ಸ್ಪ್ರಿಂಗ್ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿತ್ತು, ನೆಲಕ್ಕೆ ಉಜ್ಜುವ ಅಂಚಿಗೆ ಸವೆಯದಂತೆ ಸೆರಾಮಿಕ್ ಪಟ್ಟಿ. ಅಪಾಯವೂ ಇಲ್ಲಿಯೇ. ಟ್ರ್ಯಾಕಿನ ಅಂಚಿನ ಕರ್ಬಿಗೆ ಬಡಿದೋ ತೋಡಿನಲ್ಲಿ ಕಸ ತುಂಬಿಯೋ ಹಲಗೆ ಮೇಲೆಯೇ ಸಿಕ್ಕಿಕೊಂಡರೆ, ತಿರುವಿನ ನಟ್ಟನಡುವೆ, ಚಾಲಕನಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಆ ಬದಿಯ ಹಿಡಿತ ಹೋಗುತ್ತಿತ್ತು.

ಆ ವರ್ಷ ಲೋಟಸ್ ಐದು ರೇಸ್ ಗೆದ್ದಿತು. ಲೋಟಸ್ 78 ಕಾರಿನ ಕೊರತೆಯೆಂದರೆ ಹೀರುವ ಬಲ ಮುಂದಕ್ಕೆ ವಾಲಿತ್ತು. ಅದನ್ನು ಸರಿದೂಗಿಸಲು ದೊಡ್ಡ ಹಿಂದಿನ ರೆಕ್ಕೆ ಹೊರಬೇಕಾಗಿ ನೇರ ಹಾದಿಯಲ್ಲಿ ವೇಗ ತಗ್ಗುತ್ತಿತ್ತು. ಲೋಟಸ್ 79ರಲ್ಲಿ ಇಂಧನವನ್ನೆಲ್ಲ ಚಾಲಕನ ಬೆನ್ನ ಹಿಂದಿನ ಒಂದೇ ಟ್ಯಾಂಕಿಗೆ ಸರಿಸಿ, ಹಿಂದಿನ ಸ್ಪ್ರಿಂಗ್‌ಗಳನ್ನು ಒಳಕ್ಕೆ ತಂದು, ಗಾಳಿಯ ದಾರಿಯನ್ನು ಹಿಂದಿನವರೆಗೂ ತೆರವು ಮಾಡಿದರು. 1978ರ ಮೇ 21ರಂದು ಬೆಲ್ಜಿಯಂನ ಜೋಲ್ಡರ್‌ನಲ್ಲಿ ಮೊದಲ ಬಾರಿ ಗ್ರ್ಯಾನ್ ಪ್ರೀಗೆ ಇಳಿದ ಆ ಕಾರಿನಲ್ಲಿ ಮಾರಿಯೋ ಆಂಡ್ರೆಟಿ ಗೆದ್ದರು. ಆ ವರ್ಷದ ವಿಶ್ವ ಚಾಂಪಿಯನ್ ಕೂಡ ಅವರೇ.

ಬೇರೆ ತಂಡಗಳು ಕೂಡಲೇ ನಕಲು ಮಾಡದಿದ್ದುದಕ್ಕೆ ಎಂಜಿನ್ನೂ ಒಂದು ಕಾರಣ. ಲೋಟಸ್ ಬಳಸುತ್ತಿದ್ದ ಕಾಸ್‌ವರ್ತ್ ಡಿಎಫ್‌ವಿ ವಿ8 ಎಂಜಿನ್ ಕಿರಿದು, ಎರಡೂ ಬದಿಗೆ ಜಾಗ ಬಿಡುತ್ತದೆ. ಫೆರಾರಿ ಮತ್ತು ಆಲ್ಫಾ ರೋಮಿಯೋದ ಮಲಗಿದ 12 ಸಿಲಿಂಡರ್ ಎಂಜಿನ್‌ಗಳು ಗಾಳಿ ಹೋಗಬೇಕಾದ ಕಡೆಯೇ ಕಾಲು ಚಾಚಿ ಮಲಗಿದ್ದವು. ಆಲ್ಫಾ ಎಂಜಿನ್ ಕಟ್ಟಿಕೊಂಡಿದ್ದ ಬ್ರಾಭಮ್ ತಂಡದ ಗೋರ್ಡನ್ ಮರ್ರಿ ಅದೇ ಕಾರಣಕ್ಕೆ ಕಾರಿಗೆ ಫ್ಯಾನ್ ಹಚ್ಚಿದ್ದು. ಗೇರ್‌ಬಾಕ್ಸ್‌ನಿಂದ ತಿರುಗುವ ಆ ಫ್ಯಾನ್ ತಳದ ಗಾಳಿಯನ್ನು ಹೊರಕ್ಕೆಳೆಯುತ್ತಿತ್ತು. ಕೇಳಿದವರಿಗೆ ‘ರೇಡಿಯೇಟರ್ ತಂಪು ಮಾಡಲು’ ಎಂಬ ಉತ್ತರ ಸಿದ್ಧವಿತ್ತು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಕಾರು ಕುಕ್ಕರಿಸುವುದನ್ನು ಕಾರು ಸಿದ್ಧಪಡಿಸುವ ಪಿಟ್‌ನಲ್ಲಿದ್ದವರೆಲ್ಲ ನೋಡಬಹುದಿತ್ತು! 1978ರ ಜೂನ್ 17ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ನಿಕಿ ಲೌಡಾ ಅದರಲ್ಲಿ 34 ಸೆಕೆಂಡ್ ಅಂತರದಿಂದ ಗೆದ್ದರು. ಕಾರು ಮತ್ತೆ ಗ್ರ್ಯಾನ್ ಪ್ರೀಗೆ ಇಳಿಯಲಿಲ್ಲ, ಗೆಲುವು ಮಾತ್ರ ಉಳಿಯಿತು. ಇದೂ ಮೊದಲಿನದಲ್ಲ: 1970ರಲ್ಲೇ ಅಮೆರಿಕದ ಕ್ಯಾನ್-ಆಮ್ ಸರಣಿಯಲ್ಲಿ ಜಿಮ್ ಹಾಲ್ ಅವರ ಚಾಪರಲ್ 2ಜೆ ಕಾರಿಗೆ ಸ್ಕರ್ಟ್ ಇತ್ತು, ಎರಡು ಫ್ಯಾನ್ ತಿರುಗಿಸಲೆಂದೇ ಹಿಮಗಾಡಿಯ ಬೇರೆ ಎಂಜಿನ್ನೂ ಇತ್ತು.

ಇನ್ನು ಕುಪ್ಪಳಿಕೆ. ವೇಗ ಏರಿದಂತೆ ಹೀರುವ ಬಲ ಏರುತ್ತದೆ, ಸ್ಪ್ರಿಂಗ್ ಅದುಮಿ ಕಾರು ಕೆಳಗಿಳಿಯುತ್ತದೆ. ಸಂದಿ ತೀರಾ ಕಿರಿದಾದಾಗ ಗಾಳಿಯ ಹರಿವು ಕಟ್ಟಿ ಬಲ ತಟ್ಟನೆ ಕುಸಿಯುತ್ತದೆ, ಸ್ಪ್ರಿಂಗ್ ಕಾರನ್ನು ಮೇಲಕ್ಕೆಸೆಯುತ್ತದೆ. ಹರಿವು ಮತ್ತೆ ಶುರು, ಕಾರು ಮತ್ತೆ ಕೆಳಗೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಇದಕ್ಕೆ, ನೀರಲ್ಲಿ ಮುಳುಗೇಳುತ್ತ ಸಾಗುವ ಕಡಲಪ್ರಾಣಿಯ ಹೆಸರಿನ ಮೇಲೆ ‘ಪಾರ್ಪಸಿಂಗ್’ ಎಂದು ಕರೆದದ್ದು 2022ರಲ್ಲಲ್ಲ. ಮೂಗಿನ ಕೆಳಗೂ ಸ್ಕರ್ಟ್ ಇಟ್ಟುಕೊಂಡು ಬಂದ 1979ರ ಲೋಟಸ್ 80 ಈ ರೋಗದಿಂದಲೇ ಮೂರು ಗ್ರ್ಯಾನ್ ಪ್ರೀಗಳಲ್ಲಿ ಓಡಿ ಮೂಲೆ ಸೇರಿತು. ತಂಡದ ಇನ್ನೊಬ್ಬ ಚಾಲಕ ಕಾರ್ಲೋಸ್ ರಾಯಿಟ್‌ಮನ್ ಅದನ್ನು ರೇಸಿನಲ್ಲಿ ಓಡಿಸಲೇ ಇಲ್ಲ. ಮದ್ದು ಆಗಲೂ 2022ರಲ್ಲೂ ಒಂದೇ: ಸ್ಪ್ರಿಂಗ್ ಬಿಗಿ ಮಾಡು, ಇಲ್ಲವೇ ಕಾರನ್ನು ಎತ್ತರಿಸು. ಬಿಗಿ ಮಾಡಿದರೆ ಚಾಲಕನ ಬೆನ್ನು ಹೋಗುತ್ತದೆ, ಎತ್ತರಿಸಿದರೆ ವೇಗ ಹೋಗುತ್ತದೆ.

ಇನ್ನು ಗ್ರೌಂಡ್ ಎಫೆಕ್ಟ್ ನಿಷೇಧದ ವಿಷಯ. ಜಿಲ್ ವಿಲ್ನವ್ 1982ರ ಮೇ 8ರಂದು ಜೋಲ್ಡರ್‌ನಲ್ಲಿ ಸತ್ತದ್ದೇ ಕಾರಣವೆಂದು ಲೇಖನ ಹೇಳುತ್ತದೆ. ಅವರ ಫೆರಾರಿ, ಮುಂದಿದ್ದ ಯೋಹೆನ್ ಮಾಸ್ ಅವರ ಮಾರ್ಚ್ ಕಾರಿನ ಹಿಂದಿನ ಚಕ್ರಕ್ಕೆ ತಾಗಿ ಗಾಳಿಗೆ ಹಾರಿತ್ತು. ಜಾರುವ ಸ್ಕರ್ಟ್‌ಗಳ ನಿಷೇಧ ಅದಕ್ಕೂ ಮುಂಚೆ, 1981ರಲ್ಲೇ ಬಂದಿತ್ತು. ಆಗ ನೆಲದಿಂದ 6 ಸೆಂ.ಮೀ. ಎತ್ತರ ಇರಲೇಬೇಕೆಂದರು, ಆದರೆ ಅಳೆಯುವುದು ಕಾರು ನಿಂತಾಗ. ಬ್ರಾಭಮ್ ಬಿಟಿ49ಸಿ ಓಡುವಾಗ ಗಾಳಿಯೊತ್ತಡಕ್ಕೆ ಕುಳಿತು, ಪಿಟ್‌ಗೆ ನಿಧಾನವಾಗಿ ಬರುವಾಗ ಮೆಲ್ಲಗೆ ಎದ್ದು ನಿಲ್ಲುವ ಸಸ್ಪೆನ್ಷನ್ ಹಾಕಿಕೊಂಡಿತು. ಅಳತೆಪಟ್ಟಿ ಹಿಡಿದವರಿಗೆ 6 ಸೆಂ.ಮೀ. ಸರಿಯಾಗಿಯೇ ಸಿಗುತ್ತಿತ್ತು. ನೆಲ್ಸನ್ ಪಿಕೆ ಆ ವರ್ಷ ಚಾಂಪಿಯನ್ ಆದರು. ತಳದ ಬಾಗಿದ ಗಾಳಿದಾರಿಗಳಾದ ಸುರಂಗಗಳೇ ಹೋಗಿ ಸಮತಟ್ಟಾದ ತಳ ಕಡ್ಡಾಯವಾದದ್ದು 1983ರಿಂದ.

2022ರಲ್ಲಿ ಮರಳಿದ್ದು ಸುರಂಗಗಳು ಮಾತ್ರ, ಸ್ಕರ್ಟ್ ಅಲ್ಲ. ಅದರ ಕೆಲಸವನ್ನು ತಳದ ಅಂಚಿನಲ್ಲಿ ಎಬ್ಬಿಸುವ ಗಾಳಿಯ ಸುಳಿಗಳು ಮಾಡುತ್ತಿದ್ದವು. ಸುಳಿ ಗಟ್ಟಿಯಾಗಿರಬೇಕಾದರೆ ಅಂಚು ನೆಲಕ್ಕೆ ಹತ್ತಿರವಿರಬೇಕಿತ್ತು, ಹತ್ತಿರವಾದರೆ ಹಳೆಯ ರೋಗ. ಅದಕ್ಕೆಂದೇ 2023ರಲ್ಲಿ ಆ ಅಂಚನ್ನು 15 ಮಿ.ಮೀ. ಎತ್ತರಿಸಿದರು.

ಕೊನೆಯದಾಗಿ, ಲೇಖನದ ಜತೆಗಿನ ಚಿತ್ರ. ‘1978ರ ಚಾಂಪಿಯನ್ ಲೋಟಸ್ 79’ ಎಂಬ ಅಡಿಬರಹದ ಮೇಲೆ ಹಸಿರು ಬಣ್ಣದ, 1ನೇ ನಂಬರಿನ ಕಾರಿದೆ. ಕಾರು 79 ಹೌದು, ವರ್ಷ 1979. ಹಸಿರು ಬಂದದ್ದು ಮಾರ್ಟಿನಿ ಪ್ರಾಯೋಜಕತ್ವದೊಂದಿಗೆ. 1978ರಲ್ಲಿ ಅದು ಕಪ್ಪು ಮೈ, ಚಿನ್ನದ ಗೆರೆ, ಆಂಡ್ರೆಟಿಯ ನಂಬರ್ 5. ತಿದ್ದುಪಡಿ ಹಾಕುವುದಾದರೆ ಚಿತ್ರವನ್ನೂ ಬದಲಿಸಿ, ಸಾಧ್ಯವಾದರೆ ಕಾರಿನ ತಳ ಕಾಣುವ ಒಂದು ರೇಖಾಚಿತ್ರ ಸೇರಿಸಿ.

ಇತಿ,
ನಿಮ್ಮ ಓದುಗ, ಬೆಂಗಳೂರು