ಮಗಳ ಫೀಸಿಗೆ ಸಹಾಯ ಕೇಳಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಹಳೆಯ ಕೆಲಸ ಹೋಯಿತು, ಹೊಸದು ಸಿಕ್ಕಿದೆ, ಆದರೆ ಸಂಬಳ ಅರ್ಧಕ್ಕೆ ಇಳಿದಿದೆ. ಮಗಳು ಎಂಟನೇ ಕ್ಲಾಸ್ ಮುಗಿಸುತ್ತಿದ್ದಾಳೆ, ಒಂಬತ್ತಕ್ಕೆ ಫೀಸ್ ಇನ್ನೂ ಜಾಸ್ತಿ. ಇಷ್ಟೆಲ್ಲ ಬರೆದು ಕೊನೆಗೆ, "ಶಾಲೆಯವರ ಹತ್ತಿರ ಕೇಳಿದರೆ ಮರ್ಯಾದೆ ಹೋಗುತ್ತೆ ಅಲ್ವಾ?" ಅಂತ ಕೇಳಿದ್ದೀಯ.

ಹೋಗುವುದಿಲ್ಲ ಕಣೋ. ಕೇಳು, ಈ ವಾರವೇ ಕೇಳು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಹಾಗೆ ಒಳಗೊಳಗೇ ಬೇಯುತ್ತಿರುವ ಅಪ್ಪ ಅಮ್ಮಂದಿರು ಎಷ್ಟೋ ಜನ ಇದ್ದಾರೆ. ಅವರಿಗೂ ಉಪಯೋಗವಾಗಲಿ ಅಂತ, ನಿನ್ನ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಹಲವು ವರ್ಷ ಖಾಸಗಿ ಶಾಲೆಯ ಲೆಕ್ಕಪತ್ರ ವಿಭಾಗದಲ್ಲಿ ಕೂತವನು ಅನ್ನೋದು ನಿನಗೆ ಗೊತ್ತೇ ಇದೆ. ಫೀಸ್ ರಿಯಾಯಿತಿ ಕೇಳಿ ಬಂದ ಅರ್ಜಿಗಳು ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಆ ಕಡೆ ಕೂತು ನೋಡಿದವನಾಗಿ ಹೇಳುತ್ತೇನೆ. ಸಹಾಯ ಕೇಳಿದವರ ಬಗ್ಗೆ ಅಲ್ಲಿ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ. ತಲೆನೋವು ಆಗುತ್ತಿದ್ದದ್ದು ಏನೂ ಹೇಳದೆ ಫೀಸ್ ಕಟ್ಟುವುದನ್ನು ನಿಲ್ಲಿಸಿ, ಫೋನ್ ಎತ್ತದೆ, ಪರೀಕ್ಷೆ ಹತ್ತಿರ ಬಂದಾಗ ಓಡಿ ಬರುವವರದು. ಅವರ ಕಷ್ಟವೂ ನಿಜವೇ ಆಗಿರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕೊಡಲು ಏನೂ ಉಳಿದಿರುತ್ತಿರಲಿಲ್ಲ.

ಯಾಕೆ ಉಳಿದಿರುವುದಿಲ್ಲ ಅಂದರೆ, ಶಾಲೆಯ ಬಜೆಟ್ ವರ್ಷ ಶುರುವಾಗುವ ಮುಂಚೆಯೇ ಆಗಿಹೋಗಿರುತ್ತದೆ. ಸಂಬಳ, ಕಟ್ಟಡ, ವಿದ್ಯುತ್ ಎಲ್ಲ ಲೆಕ್ಕ ಹಾಕಿ, ರಿಯಾಯಿತಿಗೆ ಅಂತ ಒಂದಿಷ್ಟು ಹಣ ಪಕ್ಕಕ್ಕೆ ಇಡುತ್ತಾರೆ. ಮೊದಲು ಕೇಳಿದವರಿಗೆ ಅದರಲ್ಲಿ ಪಾಲು ಸಿಗುತ್ತದೆ. ಬ್ರಿಟನ್ನಿನ ಬಹಳಷ್ಟು ಖಾಸಗಿ ಶಾಲೆಗಳಲ್ಲಿ ಮಗು ಸೇರುವ ಹಿಂದಿನ ವರ್ಷವೇ ಧನಸಹಾಯದ ಅರ್ಜಿ ಮುಗಿದುಹೋಗುತ್ತದೆ. ನಿನ್ನ ಮಗಳ ಶಾಲೆಯಲ್ಲಿ ಅಂಥ ಕಟ್ಟುನಿಟ್ಟಿನ ತಾರೀಖು ಇಲ್ಲದಿರಬಹುದು. ಆದರೂ ಮೊದಲ ಕಂತಿನ ದಿನ ಬರುವ ಮುಂಚೆ ಕೊಟ್ಟ ಅರ್ಜಿಗೂ, ಎರಡು ಕಂತು ಬಾಕಿ ಬಿದ್ದ ಮೇಲೆ ಕೊಟ್ಟ ಅರ್ಜಿಗೂ ಅಜಗಜಾಂತರ.

ಇನ್ನೊಂದು ವಿಷಯ ನಿನಗೆ ಧೈರ್ಯ ಕೊಡಬಹುದು. ಒಂಬತ್ತನೇ ಕ್ಲಾಸಿನಲ್ಲಿ ಒಂದು ಮಗು ಶಾಲೆ ಬಿಟ್ಟರೆ ಆ ಸೀಟು ತುಂಬುವುದು ಸುಲಭವಲ್ಲ. ಸಣ್ಣ ಕ್ಲಾಸುಗಳಿಗೆ ಹೊಸ ಮಕ್ಕಳು ಬರುತ್ತಾರೆ, ಬೋರ್ಡ್ ಪರೀಕ್ಷೆ ಹತ್ತಿರವಿರುವ ಕ್ಲಾಸಿಗೆ ಬರುವವರು ಕಡಿಮೆ. ಮೇಷ್ಟ್ರ ಸಂಬಳ, ಕೋಣೆಯ ಖರ್ಚು ಅಷ್ಟೇ ಇರುತ್ತದೆ. ಹಾಗಾಗಿ ಮುಕ್ಕಾಲು ಫೀಸ್ ಕಟ್ಟುವ ಮಗು ಖಾಲಿ ಬೆಂಚಿಗಿಂತ ಶಾಲೆಗೆ ಎಷ್ಟೋ ಮೇಲು. ಆಡಳಿತ ಮಂಡಳಿಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲೆಕ್ಕ ಹಾಕುತ್ತಾರೆ. ನಿಮ್ಮಿಬ್ಬರಿಗೂ ಅನುಕೂಲವಾಗುವ ದಾರಿ ಹುಡುಕೋಣ ಅಂತ ಕೇಳಲು ನೀನು ಹೋಗುತ್ತಿದ್ದೀಯ. ತಲೆ ತಗ್ಗಿಸಿಕೊಂಡು ಹೋಗಬೇಕಾಗಿಲ್ಲ.

ಮರ್ಯಾದೆಯ ಮಾತು ಎತ್ತಿದ್ದಕ್ಕೆ ಇದನ್ನೂ ಹೇಳುತ್ತೇನೆ. ಇವತ್ತು ಶ್ರೀಮಂತರ ಶಾಲೆ ಅಂತ ಲೋಕವೆಲ್ಲ ಹೆಸರು ಹೇಳುವ ಇಂಗ್ಲೆಂಡಿನ ಈಟನ್ ಕಾಲೇಜನ್ನು 1440ರಲ್ಲಿ ಆರನೇ ಹೆನ್ರಿ ದೊರೆ ಕಟ್ಟಿಸಿದ್ದು 70 ಬಡ ಹುಡುಗರು ಪುಕ್ಕಟೆ ಓದಲಿ ಅಂತ. ಅದಕ್ಕೂ ಮುಂಚಿನ ವಿಂಚೆಸ್ಟರ್ ಕಾಲೇಜು 1382ರದು, ಅಲ್ಲೂ 70 ಬಡ ವಿದ್ಯಾರ್ಥಿಗಳಿಗೆ ಜಾಗವಿತ್ತು. 1552ರ ಕ್ರೈಸ್ಟ್ಸ್ ಹಾಸ್ಪಿಟಲ್ ಲಂಡನ್ನಿನ ಬಡ ಮಕ್ಕಳಿಗಾಗಿ ಹುಟ್ಟಿದ ಶಾಲೆ. ಅಲ್ಲಿ ಈಗಲೂ ಬಹಳಷ್ಟು ಮಕ್ಕಳ ಫೀಸ್ ಮನೆಯ ಆದಾಯ ನೋಡಿ ನಿಗದಿಯಾಗುತ್ತದೆ. ಇರುವವರು ಪೂರ್ತಿ ಕಟ್ಟುವುದು, ಇಲ್ಲದವರು ಕಡಿಮೆ ಕಟ್ಟುವುದು ಖಾಸಗಿ ಶಾಲೆಗಳಿಗೆ ಹೊಸದೇನಲ್ಲ.

ಹೈಸ್ಕೂಲ್ ಹಂತದಲ್ಲೇ ಯಾಕೆ ಇಷ್ಟು ಕಷ್ಟ ಅಂತ ನೀನು ಕೇಳಿದ್ದೆ. ಬಹಳಷ್ಟು ಕಡೆ ಕಾನೂನಿನ ಆಸರೆ ಅಲ್ಲಿಗೆ ಮುಗಿಯುತ್ತದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಅದರಲ್ಲಿ ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ 25% ಸೀಟುಗಳಲ್ಲಿ ಒಂದನ್ನು ಪಡೆದ ಮಗುವಿಗೂ 8ನೇ ತರಗತಿಯವರೆಗೆ ಮಾತ್ರ ಉಚಿತ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 1966ರ ಒಡಂಬಡಿಕೆಯೂ ಪ್ರಾಥಮಿಕ ಶಿಕ್ಷಣ ಉಚಿತವಾಗಿರಬೇಕು ಅನ್ನುತ್ತದೆ, ಪ್ರೌಢ ಶಿಕ್ಷಣವನ್ನು ಹಂತಹಂತವಾಗಿ ಉಚಿತ ಮಾಡಿ ಅನ್ನುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾತ್ರ 28ನೇ ವಿಧಿಯಲ್ಲಿ, ಪ್ರೌಢ ಶಿಕ್ಷಣಕ್ಕೆ ಅಗತ್ಯವಿದ್ದವರಿಗೆ ಹಣದ ನೆರವು ಕೊಡುವ ಮಾತನ್ನೂ ಆಡುತ್ತದೆ. ಅದು ಸರ್ಕಾರಗಳಿಗೆ ಹೇಳಿದ ಮಾತು, ಅದನ್ನು ಹಿಡಿದುಕೊಂಡು ನಿನ್ನ ಶಾಲೆಯ ಬಾಗಿಲು ಬಡಿಯಲು ಆಗುವುದಿಲ್ಲ. ಆದರೆ ನೆರವು ಕೇಳುವುದು ತಪ್ಪು ಅಂತ ಇನ್ನೊಮ್ಮೆ ಅನ್ನಿಸಿದರೆ, ಲೋಕದ ಹೆಚ್ಚುಕಡಿಮೆ ಎಲ್ಲ ದೇಶಗಳೂ ಒಪ್ಪಿದ ಮಾತದು ಅಂತ ನೆನಪಿಟ್ಟುಕೋ.

ಇನ್ನು ಅರ್ಜಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಷ್ಟೋ ಜನ ಸೋಲುವುದು ಇಲ್ಲೇ.

ಒಬ್ಬ ತಂದೆಯ ಅರ್ಜಿ ನನಗೆ ಚೆನ್ನಾಗಿ ನೆನಪಿದೆ. ನಾಲ್ಕು ಪುಟ, ಒತ್ತೊತ್ತಾಗಿ ಬರೆದದ್ದು. ಅಣ್ಣತಮ್ಮಂದಿರ ಜಗಳ, ತಾಯಿಯ ಕಾಯಿಲೆ, ನಂಬಿದವರು ಕೈಕೊಟ್ಟಿದ್ದು, ಎಲ್ಲ ಇತ್ತು. ಓದಿದರೆ ಕರುಳು ಚುರುಕ್ ಅನ್ನುತ್ತಿತ್ತು. ಆದರೆ ತಿಂಗಳಿಗೆ ಎಷ್ಟು ಬರುತ್ತದೆ, ಎಷ್ಟು ಕಟ್ಟಬಲ್ಲೆ ಅನ್ನುವುದು ಎಲ್ಲೂ ಇರಲಿಲ್ಲ. ಸಭೆಯಲ್ಲಿ ಎಲ್ಲರೂ ಪಾಪ ಅಂದರು, ಕಡತ ಪಕ್ಕಕ್ಕೆ ಹೋಯಿತು. ಅದೇ ದಿನ ಇನ್ನೊಬ್ಬ ತಾಯಿಯ ಅರ್ಜಿ ಬಂದಿತ್ತು. ಅರ್ಧ ಪುಟ. ಮಗುವಿನ ಹೆಸರು, ತರಗತಿ. ಮುಂಚೆ ಇದ್ದ ಆದಾಯ, ಈಗಿನ ಆದಾಯ, ಯಾವ ತಿಂಗಳಿಂದ ಇಳಿಯಿತು. ಮನೆ ಬಾಡಿಗೆ, ಸಾಲದ ಕಂತು. ಆಮೇಲೆ ಒಂದೇ ಸಾಲು: "ಈ ವರ್ಷ ಫೀಸಿನ ನೂರಕ್ಕೆ ಅರವತ್ತು ಭಾಗವನ್ನು ಹತ್ತು ಕಂತುಗಳಲ್ಲಿ ಕಟ್ಟಬಲ್ಲೆ, ಉಳಿದದ್ದಕ್ಕೆ ರಿಯಾಯಿತಿ ಕೊಡಿ, ಮುಂದಿನ ವರ್ಷ ನನ್ನ ಆದಾಯ ನೋಡಿ ಮತ್ತೆ ತೀರ್ಮಾನಿಸಿ." ಹಿಂದೆ ಸಂಬಳದ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಪಿನ್ ಮಾಡಿತ್ತು. ಅಧ್ಯಕ್ಷರು ಓದಿ ಅಲ್ಲೇ ಸಹಿ ಹಾಕಿದರು. ಮೊದಲಿನ ತಂದೆಯ ಕಷ್ಟ ಕಡಿಮೆಯದಾಗಿರಲಿಲ್ಲ. ಹೂಂ ಅನ್ನುವವರಿಗೆ ಯಾವುದಕ್ಕೆ ಹೂಂ ಅನ್ನಬೇಕು ಅಂತ ಆ ಪತ್ರ ಹೇಳಿರಲಿಲ್ಲ, ಅಷ್ಟೆ. ನನಗೆ ಇವತ್ತಿಗೂ ಅದರ ಬಗ್ಗೆ ಬೇಜಾರಿದೆ.

ಹಾಗಾಗಿ ಮೊದಲು ನೀನು, ನಿನ್ನ ಹೆಂಡತಿ ಕೂತು ತಿಂಗಳ ಲೆಕ್ಕ ಬರೆಯಿರಿ. ಧೈರ್ಯದ ಲೆಕ್ಕ ಬೇಡ, ನಿಜದ ಲೆಕ್ಕ ಬರಲಿ. ಕಟ್ಟಲು ಆಗದಷ್ಟು ಒಪ್ಪಿಕೊಂಡು ಮೂರನೇ ಕಂತಿಗೇ ತಪ್ಪಿದರೆ ಎರಡನೇ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆಸ್ತಿಪಾಸ್ತಿ ಇದ್ದರೆ ಮುಚ್ಚಿಡಬೇಡ. ಕಾರು ಇದೆ ಅನ್ನುವುದು ಬೇರೆಯವರ ಬಾಯಿಂದ ಗೊತ್ತಾಗುವ ಬದಲು, ಕಾರು ಇದೆ, ಸಾಲ ತೀರಿಲ್ಲ, ಕೆಲಸಕ್ಕೆ ಬೇಕು ಅಂತ ನೀನೇ ಬರೆದುಬಿಡು. ಹಳೆಯ ಕಂಪನಿಯ ಬಿಡುಗಡೆ ಪತ್ರವನ್ನೂ ಜೊತೆಗಿಡು.

ಕೇಳುವುದು ರಿಯಾಯಿತಿಯೊಂದನ್ನೇ ಆಗಬೇಕಿಲ್ಲ. ಹೆಚ್ಚು ಕಂತು ಕೇಳಬಹುದು. ತಡ ಶುಲ್ಕ ಬಿಡಿ ಅನ್ನಬಹುದು. ಬಸ್ಸು, ಪ್ರವಾಸ, ಬಟ್ಟೆ, ವಾರ್ಷಿಕೋತ್ಸವ ಇವುಗಳಲ್ಲಿ ಯಾವುದು ಕಡ್ಡಾಯ, ಯಾವುದನ್ನು ಬಿಡಬಹುದು ಅಂತ ವಿವರ ಕೇಳು. ಕೆಲವು ಶಾಲೆಗಳಲ್ಲಿ ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನ ಬೇರೆ, ಮನೆಯ ಪರಿಸ್ಥಿತಿ ನೋಡಿ ಕೊಡುವ ನೆರವು ಬೇರೆ ಇರುತ್ತದೆ. ಮೊದಲನೆಯದು ಸಾಮಾನ್ಯವಾಗಿ ಚಿಕ್ಕದು, ನಿನಗೆ ಬೇಕಾದದ್ದು ಎರಡನೆಯದು. ಅದನ್ನು ಸಾಮಾನ್ಯವಾಗಿ ಪ್ರತಿ ವರ್ಷ ಮತ್ತೆ ಪರಿಶೀಲಿಸುತ್ತಾರೆ, ಕಾಗದಪತ್ರ ಜೋಪಾನವಾಗಿಡು. ಅರ್ಜಿ ಕೊಡುವುದು ಆಫೀಸಿನ ಗುಮಾಸ್ತರ ಕೈಗಲ್ಲ. ಮೊದಲು ಪ್ರಿನ್ಸಿಪಾಲರನ್ನು ಭೇಟಿ ಮಾಡು, ತೀರ್ಮಾನ ಯಾರ ಕೈಯಲ್ಲಿದೆ ಅಂತ ಕೇಳಿ ಅವರ ಹೆಸರಿಗೇ ಬರೆ. ಒಪ್ಪಿಕೊಂಡರೆ ಅದನ್ನು ಬರವಣಿಗೆಯಲ್ಲಿ ತಗೋ. ಬಾಯಿಮಾತಿನಲ್ಲಿ ಆಯ್ತು ಅಂದವರು ಬೇರೆ ಕಡೆ ಹೋಗಿಬಿಡುತ್ತಾರೆ, ಹೊಸಬರಿಗೆ ಏನೂ ಗೊತ್ತಿರುವುದಿಲ್ಲ.

ಶಾಲೆಯ ಹೊರಗೂ ಕೇಳು. ನಿನ್ನ ಹೊಸ ಕಂಪನಿಯಲ್ಲಿ ನೌಕರರ ಮಕ್ಕಳಿಗೆ ನೆರವಿನ ನಿಧಿ ಇದೆಯಾ ನೋಡು, ಎಷ್ಟೋ ಕಡೆ ಇದ್ದರೂ ಯಾರೂ ಕೇಳುವುದಿಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ, ಟ್ರಸ್ಟುಗಳು, ಕಾರ್ಮಿಕರ ಕಲ್ಯಾಣ ನಿಧಿಗಳು ಕೂಡ ಇವೆ. ಅರ್ಜಿ ಹಾಕುವ ಮುಂಚೆ ಖಾಸಗಿ ಶಾಲೆಯ ಮಕ್ಕಳಿಗೂ ಕೊಡುತ್ತಾರಾ ಅಂತ ಖಚಿತ ಮಾಡಿಕೋ. ಹಲವು ಯೋಜನೆಗಳು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಮಾತ್ರ. ನೆಂಟರು ಕೊಡುತ್ತೇನೆ ಅಂದರೆ ಶಾಲೆಯ ಖಾತೆಗೇ ನೇರವಾಗಿ ಕಟ್ಟಲಿ, ರಸೀದಿ ಮಗಳ ಹೆಸರಿನಲ್ಲಿರಲಿ. ಸಂಬಂಧ ಕೆಡದೆ ಉಳಿಯಲು ಅದು ಒಳ್ಳೆಯದು. ಇಂಟರ್ನೆಟ್‌ನಲ್ಲಿ ಹಣ ಎತ್ತುವ ಯೋಚನೆ ಮಾಡಿದ್ದೀಯ. ಮಾಡಲೇಬೇಕು ಅಂದರೆ ಮಾಡು, ಆದರೆ ಮಗಳ ಫೋಟೋ, ಶಾಲೆಯ ಹೆಸರು ಹಾಕಬೇಡ. ಹದಿನಾಲ್ಕು ವರ್ಷದ ಹುಡುಗಿ ಅವಳು. ಕ್ಲಾಸಿನವರು ನೋಡುತ್ತಾರೆ.

ಸಾಲದ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಭಯವಾಗುತ್ತದೆ. ಶಾಲೆಯ ಜೊತೆ ಕೈಜೋಡಿಸಿದ ಫೈನಾನ್ಸ್ ಕಂಪನಿಯವರು ಬಡ್ಡಿಯಿಲ್ಲದ ಇಎಂಐ ಅಂತ ಬರುತ್ತಾರೆ. ಅವರು ಶಾಲೆಗೆ ವರ್ಷದ ಹಣ ಒಟ್ಟಿಗೆ ಕಟ್ಟಿಬಿಡುತ್ತಾರೆ, ನೀನು ಅವರಿಗೆ ತಿಂಗಳು ತಿಂಗಳು ಕಟ್ಟಬೇಕು. ಅಂದರೆ ಅದು ನಿನ್ನ ಹೆಸರಿನ ಸಾಲ. ಮಧ್ಯದಲ್ಲಿ ಮಗಳನ್ನು ಶಾಲೆ ಬಿಡಿಸಿದರೂ ಸಾಲ ಬಿಡುವುದಿಲ್ಲ. ಒಂದು ಕಂತು ತಪ್ಪಿದರೆ ದಂಡ, ಕ್ರೆಡಿಟ್ ಸ್ಕೋರಿಗೂ ಪೆಟ್ಟು. ಶಾಲೆಯವರೇ ಕಂತು ಕೊಡಲು ಒಪ್ಪಿದರೆ ಈ ದಾರಿ ಹಿಡಿಯಬೇಡ.

ಇನ್ನೊಂದು ಮಾತು, ನಿನಗೆ ಇಷ್ಟವಾಗದೇ ಇರಬಹುದು. ಒಂದು ವರ್ಷದ್ದನ್ನು ಮಾತ್ರ ಲೆಕ್ಕ ಹಾಕಬೇಡ. ಒಂಬತ್ತು, ಹತ್ತು ಎರಡೂ ಸೇರಿಸಿ ಹಾಕು. ಹತ್ತನೇ ಕ್ಲಾಸಿನಲ್ಲಿ ಶಾಲೆ ಅಥವಾ ಬೋರ್ಡ್ ಬದಲಾಯಿಸುವುದು ಮಗುವಿಗೆ ಬಹಳ ಕಷ್ಟ. ಎಲ್ಲ ನೆರವು ಸೇರಿಸಿಯೂ ಎರಡು ವರ್ಷ ದಾಟುವುದಿಲ್ಲ ಅನ್ನಿಸಿದರೆ, ಬದಲಾಯಿಸುವುದನ್ನು ಈಗಲೇ, ಒಂಬತ್ತು ಶುರುವಾಗುವ ಮುಂಚೆಯೇ ಮಾಡು. ಒಳ್ಳೆಯ ಸರ್ಕಾರಿ ಹೈಸ್ಕೂಲಿಗೆ ಸೇರಿಸುವುದರಲ್ಲಿ ಸೋಲು ಏನೂ ಇಲ್ಲ. ಆದರೆ ಕೇಳದೆಯೇ ಬಿಡಿಸಬೇಡ.

ಮಗಳಿಗೆ ನೀನೇ ಹೇಳು. ಪೂರ್ತಿ ವಿವರ ಬೇಡ, "ಈ ವರ್ಷ ದುಡ್ಡು ಸ್ವಲ್ಪ ಕಷ್ಟ, ಶಾಲೆಯವರ ಹತ್ತಿರ ಮಾತಾಡುತ್ತಿದ್ದೇವೆ, ನೀನು ಓದು" ಅಂದರೆ ಸಾಕು. ಮನೆಯಲ್ಲಿ ಪಿಸುಮಾತು ಕೇಳಿಸಿಕೊಂಡು ತನ್ನಿಂದಲೇ ಇದೆಲ್ಲ ಅಂದುಕೊಳ್ಳುವ ವಯಸ್ಸು ಅದು. ಪ್ರಿನ್ಸಿಪಾಲರ ಹತ್ತಿರವೂ ಮೊದಲೇ ಹೇಳಿಬಿಡು: ಫೀಸಿನ ವಿಷಯ ಏನಿದ್ದರೂ ನನ್ನನ್ನು ಕರೆಯಿರಿ, ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ಕೇಳಬೇಡಿ. ಇದನ್ನು ಅರ್ಜಿಯ ಕೊನೆಯಲ್ಲಿ ಬರೆದರೂ ತಪ್ಪಿಲ್ಲ. ನಾನು ಕಂಡ ಬಹಳಷ್ಟು ಪ್ರಿನ್ಸಿಪಾಲರು ಈ ಮಾತಿಗೆ ಬೆಲೆ ಕೊಟ್ಟಿದ್ದಾರೆ.

ಭಾನುವಾರದ ಒಳಗೆ ಲೆಕ್ಕದ ಹಾಳೆ, ಅರ್ಜಿಯ ಕರಡು ಎರಡನ್ನೂ ನನಗೆ ಕಳಿಸು. ರಾತ್ರಿ ಕೂತು ತಿದ್ದಿ ವಾಪಸ್ ಕೊಡುತ್ತೇನೆ, ಸೋಮವಾರ ನೀನು ಪ್ರಿನ್ಸಿಪಾಲರ ಭೇಟಿಗೆ ಸಮಯ ಕೇಳು. ಜೊತೆಗೆ ಬಾ ಅಂದರೆ ಬರುತ್ತೇನೆ.

ನಿನ್ನ ಗೆಳೆಯ