ಸೇಫ್ಟಿ ಕಾರ್ ಬಂದರೆ ಓವರ್ ಮುಗಿದ ಹಾಗಲ್ಲ, ಸ್ವಾಮಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕ್ರೀಡಾ ವಾಹಿನಿ ವಿಭಾಗ

ವಿಷಯ: ಭಾನುವಾರದ ಕಾರ್ ರೇಸ್ ನೇರಪ್ರಸಾರವನ್ನು ಜಾಹೀರಾತಿಗಾಗಿ ಕತ್ತರಿಸಿದ್ದು, ಮುಗಿಯುವ ಮೊದಲೇ ನಿಲ್ಲಿಸಿದ್ದು ಮತ್ತು ಈ ಬಗ್ಗೆ ನಿಮ್ಮ ಸಹಾಯವಾಣಿ ಕೊಟ್ಟ ಉತ್ತರದ ಕುರಿತು.

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳುವಷ್ಟನ್ನು ಹೇಳಿ ಆಗಿದೆ. ನೀವು ದೂರಿನ ನಂಬರ್ ಕೊಟ್ಟಿರಿ, ‘ನಿಮ್ಮ ದೂರು ಪರಿಹಾರವಾಗಿದೆ’ ಎಂದು ಮೆಸೇಜೂ ಕಳಿಸಿದಿರಿ. ಏನು ಪರಿಹಾರವಾಯಿತು ಎಂಬುದು ನಿಮಗಾದರೂ ಗೊತ್ತಿದ್ದರೆ ತಿಳಿಸಬೇಕು. ಅಲ್ಲಿಯವರೆಗೆ ಈ ಪತ್ರ.

ನಡೆದದ್ದು ಇಷ್ಟು. ರೇಸ್ ಅರ್ಧ ದಾಟಿತ್ತು. ಒಂದು ಕಾರು ತಿರುವಿನಲ್ಲಿ ಗೋಡೆಗೆ ಬಡಿದು ಸೇಫ್ಟಿ ಕಾರ್, ಅಂದರೆ ಅಪಘಾತವಾದಾಗ ಎಲ್ಲರ ಮುಂದೆ ಓಡಿ ವೇಗ ಇಳಿಸುವ ಕಾರು, ಟ್ರ್ಯಾಕಿಗೆ ಇಳಿಯಿತು. ಅದೇ ಗಳಿಗೆಗೆ ನೀವು ಜಾಹೀರಾತಿಗೆ ಹೋದಿರಿ. ಏಲಕ್ಕಿ, ಸಿಮೆಂಟ್, ಬನಿಯನ್, ಮತ್ತೆ ಅದೇ ಏಲಕ್ಕಿ, ಕೊನೆಗೆ ನಿಮ್ಮದೇ ಕ್ರಿಕೆಟ್ ಸರಣಿಯ ಪ್ರೋಮೋ. ವಾಪಸ್ ಬಂದಾಗ ಮುಂದಿದ್ದವನು ನಾಲ್ಕನೇ ಜಾಗದಲ್ಲಿದ್ದ, ಆರನೆಯವನು ಮೊದಲಿಗನಾಗಿದ್ದ. ಹೇಗಾಯಿತು ಎಂದು ಹೇಳುವವರು ಯಾರೂ ಇಲ್ಲ. ಆಮೇಲೆ ಮಳೆ, ಕೆಂಪು ಬಾವುಟ, ರೇಸ್ ತಡೆ. ಮತ್ತೆ ಶುರುವಾಗಿ ಇನ್ನೂ ಹನ್ನೊಂದು ಸುತ್ತು ಉಳಿದಿರುವಾಗ ನಿಮ್ಮ ಗಡಿಯಾರದ ಪ್ರಕಾರ ಹೊತ್ತು ಮುಗಿಯಿತು. ಪರದೆಯ ಮೇಲೆ ಹಳೆಯ ಟಿ20 ಪಂದ್ಯವೊಂದರ ಹೈಲೈಟ್ಸ್ ಬಂತು. ಅದನ್ನು ಯಾರು ಗೆದ್ದರು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಯಕ್ಷಗಾನದ ಗದಾಯುದ್ಧದಲ್ಲಿ ಬೆಳಗಿನ ಜಾವ ಭೀಮ ಕೊಳದ ದಡಕ್ಕೆ ಬಂದು ಕೌರವನನ್ನು ಕೂಗುವ ಹೊತ್ತಿಗೆ, ಟೆಂಟಿನ ಬಾಡಿಗೆ ಅವಧಿ ಮುಗಿಯಿತು ಎಂದು ಲೈಟ್ ಆರಿಸಿದ ಹಾಗಾಯಿತು.

ನಿಮ್ಮ ಪ್ರಸಾರ ಕೊಠಡಿಯಲ್ಲಿ ಕೂತವರು ರೇಸನ್ನು ಕ್ರಿಕೆಟ್ಟಿನ ಲೆಕ್ಕದಲ್ಲಿ ಕತ್ತರಿಸುತ್ತಿದ್ದಾರೆ, ಮೂಲ ತೊಂದರೆ ಅದು. ಕ್ರಿಕೆಟ್ಟಿನಲ್ಲಿ ಆರು ಎಸೆತಕ್ಕೊಮ್ಮೆ ಓವರ್ ಮುಗಿಯುತ್ತದೆ, ವಿಕೆಟ್ ಬಿದ್ದರೆ ಹೊಸಬ ಬರುವವರೆಗೆ ಆಟ ನಿಲ್ಲುತ್ತದೆ, ಜಾಹೀರಾತಿಗೆ ಜಾಗ ತಾನಾಗಿ ಸಿಗುತ್ತದೆ. ರೇಸಿನಲ್ಲಿ ಹಾಗೆ ನಿಲ್ಲುವುದು ಕೆಂಪು ಬಾವುಟಕ್ಕೆ ಮಾತ್ರ. ಸೇಫ್ಟಿ ಕಾರ್ ಬಂದಾಗ ಕಾರುಗಳು ನಿಧಾನವಾಗುತ್ತವೆ, ಲೆಕ್ಕಾಚಾರ ಮಾತ್ರ ಆಗಲೇ ಜೋರಾಗುವುದು. ಫಾರ್ಮುಲಾ ಒನ್ ಉದಾಹರಣೆಯನ್ನೇ ನೋಡಿ. ಟೈರ್ ಬದಲಿಸುವ ಕೆಲಸ ಎರಡೂವರೆ ಸೆಕೆಂಡಿನದು. ಆದರೆ ಅದಕ್ಕಾಗಿ ಕಾರು ಒಳಹೋಗುವ ಪಕ್ಕದ ದಾರಿಯಲ್ಲಿ, ಅಂದರೆ ಪಿಟ್ ಲೇನಿನಲ್ಲಿ, ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಇರುವುದರಿಂದ, ಒಳಗೆ ಹೋಗಿ ಹೊರಬರುವಷ್ಟರಲ್ಲಿ ಎಷ್ಟೋ ಟ್ರ್ಯಾಕುಗಳಲ್ಲಿ 20 ಸೆಕೆಂಡಿನ ಆಸುಪಾಸು ನಷ್ಟವಾಗುತ್ತದೆ. ಸೇಫ್ಟಿ ಕಾರ್ ಇದ್ದಾಗ ಟ್ರ್ಯಾಕಿನಲ್ಲಿರುವವರೂ ನಿಧಾನವಾಗಿ ಹೋಗುತ್ತಿರುತ್ತಾರೆ, ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಅರ್ಧ ನಷ್ಟ ಸಾಕು. ಯಾರು ಒಳಗೆ ಬಂದರು, ಯಾರು ಹಳೆ ಟೈರಿನಲ್ಲೇ ಉಳಿದರು ಎಂಬುದು ಆ ಒಂದು ಸುತ್ತಿನಲ್ಲಿ ನಿರ್ಧಾರವಾಗುತ್ತದೆ. ನೀವು ಏಲಕ್ಕಿ ತೋರಿಸಿದ್ದು ಆ ಸುತ್ತಿನಲ್ಲಿ.

2021ರ ಅಬುಧಾಬಿ ನೆನಪಿದೆಯೇ? 58 ಸುತ್ತಿನ ರೇಸು. ಕೊನೆಗೆ ಲತೀಫಿಯ ಕಾರು ಗೋಡೆಗೆ ಬಡಿಯಿತು, ಸೇಫ್ಟಿ ಕಾರ್ ಬಂತು. ವರ್ಸ್ಟಾಪನ್ ಒಳಗೆ ಬಂದು ಹಿಡಿತ ಹೆಚ್ಚಿರುವ, ಕೆಂಪು ಗೆರೆಯ ಸಾಫ್ಟ್ ಟೈರ್ ಹಾಕಿಸಿಕೊಂಡ. ಮುಂದಿದ್ದ ಹ್ಯಾಮಿಲ್ಟನ್ ಬಿಳಿ ಗೆರೆಯ ಹಳೆ ಹಾರ್ಡ್ ಟೈರಿನಲ್ಲೇ ಉಳಿದ. ಕೊನೆಯ ಸುತ್ತಿನಲ್ಲಿ ಚಾಂಪಿಯನ್‌ಶಿಪ್ ಕೈ ಬದಲಾಯಿತು. ಅದು ನಿಮ್ಮ ಕೈಯಲ್ಲಿದ್ದಿದ್ದರೆ ನಮಗೆ ಸಿಗುತ್ತಿದ್ದದ್ದು ಸಿಮೆಂಟಿನ ಗಟ್ಟಿತನದ ಬಗ್ಗೆ ಮಾಹಿತಿ.

ಬೇರೆಯವರು ತಪ್ಪೇ ಮಾಡಿಲ್ಲ ಎಂದು ನನ್ನ ವಾದವಲ್ಲ. 2005ರಲ್ಲಿ ಇಟಲಿಯ ಇಮೋಲಾ ರೇಸಿನಲ್ಲಿ ಅಲೊನ್ಸೊನ ಬೆನ್ನಿಗೆ ಶೂಮಾಕರ್ ಅಂಟಿಕೊಂಡಿದ್ದಾಗ, ಮುಗಿಯಲು ಕೆಲವೇ ಸುತ್ತು ಇರುವಂತೆ ಬ್ರಿಟನ್ನಿನ ಐಟಿವಿ ಜಾಹೀರಾತಿಗೆ ಹೋಯಿತು. ಅಲೊನ್ಸೊ ಗೆದ್ದದ್ದು 0.215 ಸೆಕೆಂಡಿನಿಂದ. ಐಟಿವಿ ಕ್ಷಮೆ ಕೇಳಬೇಕಾಯಿತು, ದೂರುಗಳು ಅಲ್ಲಿನ ನಿಯಂತ್ರಕ ಆಫ್‌ಕಾಮ್‌ವರೆಗೆ ಹೋದವು. 2009ರಿಂದ ಅದೇ ರೇಸುಗಳನ್ನು ಬಿಬಿಸಿ ಜಾಹೀರಾತೇ ಇಲ್ಲದೆ ತೋರಿಸಿತು. ಅಮೆರಿಕದಲ್ಲಿ ಇಎಸ್‌ಪಿಎನ್ 2018ರಲ್ಲಿ ಹಕ್ಕು ಪಡೆದಾಗ ಕಾರ್ ಪಾಲಿಶ್ ಮಾಡುವ ಕಂಪನಿಯೊಂದನ್ನು ಪ್ರಾಯೋಜಕರನ್ನಾಗಿ ಹಿಡಿದು, ರೇಸ್ ನಡುವೆ ಜಾಹೀರಾತು ಹಾಕುವುದನ್ನೇ ಕೈಬಿಟ್ಟಿತು. ಅಲ್ಲಿನದೇ ಇನ್ನೊಂದು ರೇಸ್ ಸರಣಿ ಇಂಡಿಕಾರ್ ತೋರಿಸುವವರಿಗೆ ಜಾಹೀರಾತು ಬೇಕೇ ಬೇಕು, ಆದರೆ ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ರೇಸ್ ಓಡಿಸುತ್ತಾರೆ. ಇದಕ್ಕೆ ರಾಕೆಟ್ ತಂತ್ರಜ್ಞಾನ ಬೇಕಿಲ್ಲ. ಚುನಾವಣೆ ಫಲಿತಾಂಶದ ದಿನ ನಮ್ಮ ಸುದ್ದಿ ವಾಹಿನಿಗಳು ಒಂದೇ ಪರದೆಯಲ್ಲಿ ಎಂಟು ತಲೆ ಕೂರಿಸುತ್ತವೆ.

ಇನ್ನೊಂದು ಮಾತು. ಚಿತ್ರ ನಿಮ್ಮದಲ್ಲ. ಫಾರ್ಮುಲಾ ಒನ್ ಆದರೆ ಇಂಗ್ಲೆಂಡಿನ ಬಿಗಿನ್ ಹಿಲ್‌ನಲ್ಲಿ ತಯಾರಾಗುವ ಒಂದೇ ಫೀಡ್ ಜಗತ್ತಿಗೆಲ್ಲ ಹೋಗುತ್ತದೆ. ನೀವು ತೋರಿಸುವ ಸರಣಿಗೂ ಹೀಗೇ ಸಂಘಟಕರ ಫೀಡ್ ಇದೆ. ಮೊನಾಕೊದಲ್ಲಿ ಬಹಳ ಕಾಲ ಸ್ಥಳೀಯ ತಂಡವೇ ಕ್ಯಾಮೆರಾ ನಿರ್ದೇಶಿಸುತ್ತಿತ್ತು. 2021ರಲ್ಲಿ ವೆಟೆಲ್, ಗ್ಯಾಸ್ಲಿ ಅಕ್ಕಪಕ್ಕದಲ್ಲಿ ಏರು ಹತ್ತುತ್ತಿರುವಾಗ ನಿರ್ದೇಶಕ ಅದನ್ನು ಬಿಟ್ಟು, ಸ್ಟ್ರೋಲ್ ಎಂಬ ಚಾಲಕ ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿಸಿದ ರೀಪ್ಲೇ ತೋರಿಸಿದ. 2023ರಿಂದ ಆ ಕೆಲಸವನ್ನೂ ಫಾರ್ಮುಲಾ ಒನ್ ತಾನೇ ವಹಿಸಿಕೊಂಡಿತು. ಅಂಥ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ಪಾಲಿಗೆ ಬರುವುದು ಕತ್ತರಿ, ವೀಕ್ಷಕ ವಿವರಣೆ, ಪರದೆಯ ಮೇಲಿನ ಪಟ್ಟಿ ಮತ್ತು ಹೊತ್ತು. ನಾಲ್ಕೂ ಕೆಟ್ಟಿವೆ. ಎಡಕ್ಕೂ ಕೆಳಕ್ಕೂ ಹಬ್ಬುವ ನಿಮ್ಮ ಎಲ್ ಆಕಾರದ ಜಾಹೀರಾತು, ಎಡಗಡೆ ಬರುವ ಸ್ಥಾನಪಟ್ಟಿಯ ಮೇಲೆಯೇ ಕೂರುತ್ತದೆ. ಯಾರು ಎಷ್ಟನೆಯವರು, ಅಂತರ ಎಷ್ಟು, ಯಾವ ಟೈರ್ ಎಂದು ತಿಳಿಸುವುದು ಅದೊಂದೇ. ಚಾಲಕ ಮತ್ತು ತಂಡದ ನಡುವಿನ ರೇಡಿಯೊ ಮಾತು ಬರುವಾಗ ನಿಮ್ಮ ವಿವರಣೆಗಾರರು ಬಾಯಿ ಮುಚ್ಚುವುದಿಲ್ಲ. ಕಬಡ್ಡಿಗೆ, ಕ್ರಿಕೆಟ್ಟಿಗೆ ಕನ್ನಡ ವಿವರಣೆ ಬಂದು ವರ್ಷಗಳಾದವು, ರೇಸಿಗೆ ಇಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗಳನ್ನು ರಸ್ತೆ ಬದಿಯಲ್ಲಿ ನಿಂತು ನೋಡಿ ಬೆಳೆದ ಊರುಗಳಿವು. ರ‍್ಯಾಲಿ ಚಾಲಕ ಗೌರವ್ ಗಿಲ್ ಯಾರು ಎಂದು ಇಲ್ಲಿನ ಗ್ಯಾರೇಜ್ ಹುಡುಗರು ಹೇಳುತ್ತಾರೆ. ನಿಮ್ಮ ವಿವರಣೆಗಾರರನ್ನೂ ಒಮ್ಮೆ ಕೇಳಿ ನೋಡಿ.

ಟಿವಿಯೇ ಯಾಕೆ, ಆ್ಯಪ್ ನೋಡಬಾರದೇ ಎನ್ನಬಹುದು. ಫಾರ್ಮುಲಾ ಒನ್ ಹಾಗೇ ಆಯಿತು. 2022ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ಕಾಲ ಮುಗಿದು, 2023ರಲ್ಲಿ ಎಫ್1 ಟಿವಿ, 2024ರಲ್ಲಿ ಫ್ಯಾನ್‌ಕೋಡ್ ಎಂದು ಎಲ್ಲ ಫೋನಿಗೆ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಫೈಬರ್ ತುಂಡು, ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ನೆಟ್‌ವರ್ಕೂ ಇಲ್ಲ. ಯುಪಿಎಸ್‌ಗೆ ಸಿಕ್ಕಿಸಿದ ಟಿವಿ ಮತ್ತು ಮಹಡಿಯ ಮೇಲಿನ ಡಿಶ್, ನಮಗೆ ಇರುವ ನೆಚ್ಚಿಕೆ ಇದು. ಆ ಬಲದ ಮೇಲೆ ನೀವು ಬಿಡಿ ವಾಹಿನಿಗೆ 19 ರೂಪಾಯಿ, ಜಿಎಸ್‌ಟಿ ಸೇರಿ 22 ರೂಪಾಯಿ 42 ಪೈಸೆ ತೆಗೆದುಕೊಳ್ಳುತ್ತೀರಿ.

ಈಗ ಸಹಾಯವಾಣಿಯ ವಿಷಯ. ನೀವು ರೆಕಾರ್ಡ್ ಮಾಡುತ್ತೀರಿ ಎಂದು ನಿಮ್ಮ ಯಂತ್ರವೇ ಹೇಳಿದೆ. ತೆಗೆದು ಕೇಳಿ.

ಕನ್ನಡಕ್ಕೆ ಎರಡು ಒತ್ತಿ ಎಂದಿತು. ಒತ್ತಿದೆ. ಬಂದವರು ಹಿಂದಿಯವರು. ‘ಕನ್ನಡ’ ಎಂದೆ. ‘ಹೋಲ್ಡ್ ಕೀಜಿಯೇ’ ಎಂದು ನಿಮ್ಮ ವಾಹಿನಿಯ ಹಾಡು ಹಾಕಿದರು. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾದ ಮೇಲೆ ಒಬ್ಬ ಹುಡುಗ ಬಂದ.

‘ಸರ್, ಏನು ಪ್ರಾಬ್ಲಂ ಹೇಳಿ.’

‘ಸೇಫ್ಟಿ ಕಾರ್ ಬಂದಾಗ ಜಾಹೀರಾತು ಹಾಕಿದ್ರಿ. ರೇಸ್ ಮುಗಿಯೋ ಮೊದಲೇ ನಿಲ್ಲಿಸಿದ್ರಿ.’

‘ಯಾವ ಕಾರ್ ಸರ್?’

‘ಸೇಫ್ಟಿ ಕಾರ್.’

‘ಅದು ನಿಮ್ಮ ಗಾಡೀನಾ ಸರ್?’

ನನ್ನದಲ್ಲ, ರೇಸಿನದು ಎಂದೆ. ಆತ ಏನೋ ಟೈಪ್ ಮಾಡಿದ. ಕೀಲಿಗಳ ಸದ್ದು ಕೇಳಿಸಿತು.

‘ಸರ್, ನೀವು ಯಾವ ಊರಿಂದ ಮಾತಾಡ್ತಿದೀರಾ?’

‘ಶಿವಮೊಗ್ಗ.’

‘ಅಲ್ಲಿ ಮಳೆ ಇದೆಯಾ ಸರ್?’

‘ಇದೆ.’

‘ಹಾಗಾದ್ರೆ ಅದು ಸಿಗ್ನಲ್ ಪ್ರಾಬ್ಲಂ ಸರ್. ಮಳೆಗೆ ಹಾಗಾಗುತ್ತೆ. ಬಾಕ್ಸ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ.’

‘ಸಿಗ್ನಲ್ ಚೆನ್ನಾಗಿತ್ತಪ್ಪ. ಜಾಹೀರಾತು ಸ್ಪಷ್ಟವಾಗಿ ಬಂತಲ್ಲ.’

‘ಜಾಹೀರಾತು ಬಂತಾ ಸರ್? ಹಾಗಾದ್ರೆ ಪ್ರಾಬ್ಲಂ ಇಲ್ವಲ್ಲ.’

ಇಷ್ಟಾದ ಮೇಲೂ ನಾನು ಹನ್ನೊಂದು ಸುತ್ತಿನ ವಿಷಯ ತೆಗೆದೆ. ಅದಕ್ಕೆ ಬಂದ ಉತ್ತರವನ್ನು ಅಕ್ಷರಶಃ ಬರೆಯುತ್ತೇನೆ: ‘ಸರ್, ಯಾರು ಗೆದ್ರು ಅಂತ ಗೂಗಲ್‌ನಲ್ಲಿ ಬರುತ್ತೆ. ಬೇಕಿದ್ರೆ ನಾನೇ ನೋಡಿ ಹೇಳ್ಲಾ?’ ನಾನು ಬೇಡ ಎನ್ನುವಷ್ಟರಲ್ಲಿ ಹೇಳಿಯೂ ಬಿಟ್ಟ. ಹೋದ ವರ್ಷದ ಫಲಿತಾಂಶ ಹೇಳಿದ. ‘ಇನ್ನೇನಾದ್ರೂ ಸಹಾಯ ಬೇಕಾ ಸರ್? ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ’ ಎಂದ.

ಆ ಹುಡುಗನ ಮೇಲೆ ಸಿಟ್ಟಿಲ್ಲ. ಮುಂದಿಟ್ಟ ಹಾಳೆಯನ್ನು ಓದಿದ. ಹಾಳೆ ಬರೆದವರಿಗೆ ಮಳೆಯ ವಿಷಯ ತಿಳಿಸಬೇಕು. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೊ ತರಂಗಗಳಲ್ಲಿ. ಜೋರು ಮಳೆ ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ಆಗ ಮೊದಲು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ದನಿ ತುಂಡಾಗುತ್ತದೆ, ಕೊನೆಗೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರ ಬರುತ್ತದೆ. ಮೋಡ ಸರಿದರೆ ತಾನಾಗಿ ಸರಿಹೋಗುತ್ತದೆ. ಮಳೆ ಇಲ್ಲದಿದ್ದರೂ ಹೀಗಾದರೆ ಡಿಶ್ ಅಲುಗಿದೆ, ಇಲ್ಲವೇ ಕನೆಕ್ಟರಿಗೆ ನೀರು ಇಳಿದಿದೆ ಎಂದರ್ಥ. ಆಗುಂಬೆಯ ಮಳೆಗೂ ರೇಸನ್ನು ಅಳಿಸಿ ಅದೇ ಜಾಗದಲ್ಲಿ ಏಲಕ್ಕಿ ಜಾಹೀರಾತು ಕೂರಿಸುವ ಶಕ್ತಿ ಇಲ್ಲ. ಅದು ನಿಮ್ಮೊಬ್ಬರಿಗೇ ಸಾಧ್ಯ.

ನಿಯಮಗಳನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳು 1994, ನಿಯಮ 7ರ 11ನೇ ಉಪನಿಯಮ: ಗಂಟೆಗೆ 12 ನಿಮಿಷ, ಹತ್ತು ಜಾಹೀರಾತಿಗೆ, ಎರಡು ನಿಮ್ಮ ಸ್ವಂತ ಪ್ರಚಾರಕ್ಕೆ. ಸೇಫ್ಟಿ ಕಾರ್ ಬಂದ ಆ ಗಂಟೆಯ ನಿಮ್ಮ ಪ್ರಸಾರ ಸೆಟ್‌ಟಾಪ್ ಬಾಕ್ಸಿನ ಪೆನ್‌ಡ್ರೈವಿನಲ್ಲಿ ರೆಕಾರ್ಡ್ ಆಗಿದೆ. ಅಳೆದಿದ್ದೇನೆ. ಆ ಅಂಕಿ ಇಲ್ಲಿ ಬರೆಯುವುದಿಲ್ಲ, ನೀವೂ ನಿಮ್ಮ ಲಾಗ್ ತೆಗೆದು ಅಳೆಯಿರಿ, ಎರಡನ್ನೂ ಜೊತೆಗಿಟ್ಟು ನೋಡೋಣ. 2021ರ ತಿದ್ದುಪಡಿಯ ಪ್ರಕಾರ ಈ ಪತ್ರ ತಲುಪಿದ್ದಕ್ಕೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಬರಬೇಕು. ‘ಪರಿಹಾರವಾಗಿದೆ’ ಎಂಬ ಮೆಸೇಜನ್ನು ತೀರ್ಮಾನ ಎಂದು ನಾನು ಒಪ್ಪುವುದಿಲ್ಲ.

ಹೊತ್ತಿನ ವಿಷಯವೂ ನಿಮಗೆ ಗೊತ್ತಿರಬೇಕು. 2011ರ ಕೆನಡಾ ರೇಸ್ ಮಳೆಯಿಂದ ನಿಂತು, 4 ಗಂಟೆ 4 ನಿಮಿಷ 39 ಸೆಕೆಂಡಿಗೆ ಮುಗಿಯಿತು. ನಮ್ಮ ಗಡಿಯಾರದಲ್ಲಿ ರಾತ್ರಿ ಎರಡೂವರೆ. ಒಂದು ಹಂತದಲ್ಲಿ ಕಟ್ಟಕಡೆಗೆ ಹೋಗಿದ್ದ ಬಟನ್ ಕೊನೆಯ ಸುತ್ತಿನಲ್ಲಿ ವೆಟೆಲ್‌ನನ್ನು ದಾಟಿ ಗೆದ್ದ. ಆಮೇಲೆ ಒಟ್ಟು ಅವಧಿಗೆ ಮಿತಿ ಬಂತು, ಈಗ ಫಾರ್ಮುಲಾ ಒನ್‌ನಲ್ಲಿ ರೇಸಿಗೆ ಎರಡು ಗಂಟೆ, ತಡೆಗಳೂ ಸೇರಿ ಮೂರು. ನೀವು ತೋರಿಸುವ ಸರಣಿಗೂ ಇಂಥ ಮಿತಿ ನಿಯಮಪುಸ್ತಕದಲ್ಲಿ ಅಚ್ಚಾಗಿದೆ. ಹಕ್ಕು ಕೊಂಡವರು ಅದನ್ನು ಓದಿ ಅಷ್ಟು ಹೊತ್ತು ಕಾಯ್ದಿರಿಸಬೇಕು. ರೇಸ್ ಬೇಗ ಮುಗಿದರೆ ಆ ಹಳೆ ಟಿ20 ಎಲ್ಲಿಗೂ ಓಡಿಹೋಗುವುದಿಲ್ಲ.

ಆ ರೇಸನ್ನು ಪೂರ್ತಿಯಾಗಿ, ಹೇಳಿದ ಹೊತ್ತಿಗೆ ಮರುಪ್ರಸಾರ ಮಾಡಿ, ಈ ತಿಂಗಳ 22 ರೂಪಾಯಿ 42 ಪೈಸೆ ವಾಪಸ್ ಕೊಡಿ ಎಂದು ಕೇಳುವುದು ಪದ್ಧತಿ, ಆದ್ದರಿಂದ ಕೇಳಿದ್ದೇನೆ. ಕೊಡುತ್ತೀರಿ ಎಂಬ ನಂಬಿಕೆ ಇಲ್ಲ.

15 ದಿನ ಕಳೆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಅದರ ಹಿಂದೆಯೇ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ಕೇಸು ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಮುಂಬೈಯಿಂದಲೋ ದೆಹಲಿಯಿಂದಲೋ ಬರಬೇಕು. ಜುಲೈ ತಿಂಗಳಲ್ಲಿ ವಾಯಿದೆ ಬಿದ್ದರೆ ಕೊಡೆ ತರಲು ಹೇಳಿ. ಆಯೋಗದ ಮುಂದೆ ನಾನು ಮೊದಲು ಕೇಳಿಸುವುದು ಸಹಾಯವಾಣಿಯ ರೆಕಾರ್ಡಿಂಗನ್ನು. ಅದನ್ನು ಅಳಿಸಿದ್ದೇವೆ ಎನ್ನಬೇಡಿ, ಆ ಕರೆಯನ್ನು ನನ್ನ ಫೋನೂ ರೆಕಾರ್ಡ್ ಮಾಡಿದೆ. ಇಲ್ಲಿ ರೇಸ್ ನೋಡುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಮುಂದಿನ ರೀಚಾರ್ಜಿಗೆ ನಿಮ್ಮ ವಾಹಿನಿಯ ನಂಬರನ್ನು ಪಟ್ಟಿಯಿಂದ ತೆಗೆಯುವುದು ಹೇಗೆ ಎಂಬ ವಿಡಿಯೊ ಈಗಾಗಲೇ ಹರಿದಾಡುತ್ತಿದೆ. ಮಾಡಿದ್ದು ನಾನೇ. ನಡುವೆ ಜಾಹೀರಾತು ಹಾಕಿಲ್ಲ.

ಇಂತಿ,
ನಿಮ್ಮ ಚಂದಾದಾರ (ತಿಂಗಳ ಕೊನೆಯವರೆಗೆ)
ವಿನೋಬನಗರ, ಶಿವಮೊಗ್ಗ

ಅಡಕ: ರೀಚಾರ್ಜ್ ರಸೀದಿ, ‘ಪರಿಹಾರವಾಗಿದೆ’ ಎಂಬ ಮೆಸೇಜಿನ ಪ್ರತಿ.