ಎಸ್.ಪಿ. ರಸ್ತೆಯ ಅಣ್ಣನಿಗೆ

ಶನಿವಾರ ಎಸ್.ಪಿ. ರಸ್ತೆಯ ಟೀ ಅಂಗಡಿ ಮುಂದೆ ನನ್ನ ಗೋಳು ಕೇಳಿಸಿಕೊಂಡ ನೀಲಿ ಹೆಲ್ಮೆಟ್ಟಿನ ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಎರಡು, ಡೆಬಿಯನ್ ಲಿನಕ್ಸ್, ರೇಡ್ 1 (ಒಂದೇ ಮಾಹಿತಿನ ಎರಡೂ ಡಿಸ್ಕಲ್ಲಿ ಇಡೋ ಜೋಡಣೆ). ಪಾರ್ಟಿಷನ್ (ಡಿಸ್ಕಿನ ಭಾಗ) ಎಷ್ಟು ಸಲ ಅಳಿಸಿ ಮಾಡಿದರೂ ಎಂಡಿ127 ಅನ್ನೋ ಹಳೇ ರೇಡ್ ಜೋಡಣೆ ದೆವ್ವದ ಹಾಗೆ ಎದ್ದು ಕೂರುತ್ತಿತ್ತು. ನೀವು ಟೀ ಲೋಟ ಕೆಳಗಿಡದೇ ಹೇಳಿದಿರಿ: "ಪಾರ್ಟಿಷನ್ ಟೇಬಲ್ ಅಳಿಸಿದ್ರೆ ಸೂಪರ್‌ಬ್ಲಾಕ್, ಅಂದ್ರೆ ರೇಡ್‌ನ ಗುರುತು, ಹೋಗಲ್ಲ. ಪಾರ್ಟಿಷನ್ ಶುರುವಾಗೋ ಜಾಗದಿಂದ 4 ಕೆಬಿ ಆಚೆ ಕೂತಿರತ್ತೆ. ಮೊದಲು ಅರೇ, ಅಂದ್ರೆ ಆ ಹಳೇ ಜೋಡಣೆ, ನಿಲ್ಸಿ, ಆಮೇಲೆ ಎರಡರಲ್ಲೂ ಆ ಗುರುತು ಅಳಿಸೋ ಝೀರೋ-ಸೂಪರ್‌ಬ್ಲಾಕ್ ಕಮಾಂಡ್ ಕೊಡಿ." ಐದೇ ನಿಮಿಷದ ಕೆಲಸ. (ನಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದು ಬೇರೆ ಮಾತು.) ಗ್ರಬ್ (ಸಿಸ್ಟಮ್ ಬೂಟ್ ಮಾಡಿಸೋ ಪ್ರೋಗ್ರಾಂ) ಎರಡೂ ಡಿಸ್ಕಿಗೆ ಹಾಕಿ ಅಂದಿದ್ದನ್ನೂ ಮರೆಯಲಿಲ್ಲ, ಒಂದರ ಕೇಬಲ್ ಕಿತ್ತು ನೋಡಿದೆ, ಇನ್ನೊಂದರಿಂದ ಬೂಟ್ ಆಯ್ತು. ಅವತ್ತು ಟೀ ದುಡ್ಡೂ ನೀವೇ ಕೊಟ್ಟಿರಿ. ತುಂಬಾ ಥ್ಯಾಂಕ್ಸ್ ಅಣ್ಣಾ.